ಕ್ಲಬ್‌ಹೌಸಿನಲ್ಲಿ ಚೀನಾ, ಜಪಾನು ಮತ್ತು ನಾವು

ಡಲ್ಲಾಸಿನ ಮನೆ ಮಾರಿ ಹ್ಯೂಸ್ಟನ್ ಪಕ್ಕದ ಫುಲ್‌ಶೀರ್ ಎಂಬ ಊರಿಗೆ ಬಂದ ಮೇಲೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಗಳ ಮನೆ ಹತ್ತಿರ ಎಂಬುದೊಂದೇ ನೆಪ. ಅವಳು ಬೆಳಗ್ಗೆ ಹ್ಯೂಸ್ಟನ್ನಿನ ಆಸ್ಪತ್ರೆಗೆ ಹೋದರೆ ಬರುವುದು ಕತ್ತಲಾದ ಮೇಲೆ. ಹೊಸ ಬಡಾವಣೆ. ನೆಟ್ಟ ಗಿಡಗಳಿಗೆ ಇನ್ನೂ ಕೋಲು ಕಟ್ಟಿದ್ದರು, ಎಲ್ಲೂ ನೆರಳಿಲ್ಲ. ಡಲ್ಲಾಸಿನಲ್ಲಿ ಬಾಗಿಲು ತಟ್ಟದೆ ಒಳಗೆ ಬರುವ ಗೆಳತಿಯರಿದ್ದರು. ಇಲ್ಲಿ ಬಾಗಿಲು ತಟ್ಟುವವರು ಸೋಲಾರ್ ಪ್ಯಾನೆಲ್ ಮಾರುವವರು ಮಾತ್ರ.

ಅಂಥ ಹೊತ್ತಿನಲ್ಲಿ ಸಿಕ್ಕವಳು ಹಿಂದಿನ ಬೀದಿಯ ಚೀನೀ ಹೆಂಗಸು. ಶಾಂಘೈಯವಳು, ಹೆಚ್ಚುಕಡಿಮೆ ನನ್ನ ವಯಸ್ಸು, ಗಂಡ ತೀರಿಕೊಂಡ ಮೇಲೆ ಮಗನ ಮನೆಯಲ್ಲಿದ್ದಳು. ಬಿಸಿಲೇರುವ ಮುಂಚೆ ಇಬ್ಬರೂ ಬಡಾವಣೆಯ ಕೆರೆಯ ಸುತ್ತ ನಡೆಯುತ್ತಿದ್ದೆವು. ಕೆರೆ ಎಂದರೆ ಬಿಲ್ಡರ್ ತೋಡಿಸಿದ ಹೊಂಡ, ಹೆಸರಿಗೊಂದು ಕಾರಂಜಿ. ನನ್ನ ಇಂಗ್ಲಿಷೂ ಅವಳ ಇಂಗ್ಲಿಷೂ ಒಂದಕ್ಕೊಂದು ಸರಿಯಾಗಿ ಕುಂಟುತ್ತಿದ್ದವು. ಮಂಡಿ ನೋವು, ಮೊಮ್ಮಕ್ಕಳು, ಫ್ರಿಜ್‌ನಲ್ಲಿ ಒಂದು ಡಬ್ಬಿಗೂ ಜಾಗ ಬಿಡದ ಅವಳ ಸೊಸೆ, ಮಾತಿಗೇನೂ ಬರವಿರಲಿಲ್ಲ. ಅವಳೊಬ್ಬಳು ಇಲ್ಲದಿದ್ದರೆ ನನಗೆ ತಲೆ ಕೆಡುತ್ತಿತ್ತು. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ.

ನನ್ನ ಯಜಮಾನರು ನಿವೃತ್ತ ಹೃದಯ ತಜ್ಞರು. ರೋಗಿಗಳು ಹೋದರು, ಮಾತು ಉಳಿಯಿತು. ಅದರ ಮೇಲೆ ಇತಿಹಾಸದ ಹುಚ್ಚು ಬೇರೆ. ನಮ್ಮ ಬಡಾವಣೆಯ ಕ್ಲಬ್‌ಹೌಸಿನಲ್ಲಿ ತಿಂಗಳಿಗೊಮ್ಮೆ ಹಿರಿಯರೆಲ್ಲ ಸೇರಿ ಯಾರಾದರೊಬ್ಬರ ಮಾತು ಕೇಳುವ ರೂಢಿಯಿದೆ. ಇವರು ಮುಂದೆ ಬಿದ್ದು ವಿಷಯ ಕೊಟ್ಟರು: ಪಶ್ಚಿಮದವರು ಬಂದು ಬಾಗಿಲು ಒದ್ದಾಗ ಚೀನಾ ಏನು ಮಾಡಿತು, ಜಪಾನು ಏನು ಮಾಡಿತು. ವಾರವಿಡೀ ನನ್ನನ್ನು ಸೋಫಾದ ಮೇಲೆ ಕೂರಿಸಿ ಪ್ರಾಕ್ಟೀಸ್ ಮಾಡಿದರು.

"ಜಪಾನ್‌ನೋರು ಅಮೆರಿಕದ ಕಪ್ಪು ಹಡಗು ನೋಡಿದ್ರು, ಅರ್ಥ ಮಾಡ್ಕೊಂಡ್ರು. ಜುಟ್ಟು ಕತ್ತರಿಸಿದ್ರು, ಕೋಟು ಹಾಕ್ಕೊಂಡ್ರು, ರೈಲು ತಂದ್ರು, ಸೈನ್ಯ ಕಟ್ಟಿದ್ರು. ಚೀನಾದೋರು ನಾವೇ ದೊಡ್ಡೋರು ಅಂತ ಅಫೀಮು ಸೇದ್ಕೊಂಡು ಮಲಗಿದ್ರು. ಸಿಂಪಲ್!"

"ಅಷ್ಟು ಸಿಂಪಲ್ಲಾ?"

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಆ ಸಭೆಗೆ ಗೆಳತಿಯನ್ನು ಕರೆದವಳೂ ನಾನೇ. ನಿಮ್ಮ ದೇಶದ ವಿಷಯ, ಬಾ ಎಂದೆ. ಅವಳು ರೇಷ್ಮೆಯ ಅಂಗಿ ತೊಟ್ಟು ಬಂದು ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಳು.

ಭಾಷಣ ಚೆನ್ನಾಗಿಯೇ ಆಯಿತು. ಇವರು ಜಪಾನನ್ನು ಹೊಗಳಿದ್ದೇ ಹೊಗಳಿದ್ದು. ಕೊನೆಗೆ ಪ್ರಶ್ನೆಗಳಿವೆಯೇ ಎಂದಾಗ ಅವಳು ಎದ್ದು ನಿಂತಳು.

"ಡಾಕ್ಟರ್, ಆ ಅಫೀಮು ಬೆಳೆದದ್ದು ಎಲ್ಲಿ?"

"ಬ್ರಿಟಿಷರು ಬೆಳೆಸ್ತಿದ್ರು. ನಾವೂ ನಿಮ್ಮ ಹಾಗೇ ಅವರ ಏಟು ತಿಂದವರು."

"ಯಾರ ಹೊಲದಲ್ಲಿ?"

ಯಜಮಾನರು ನೀರು ಕುಡಿದು, ಬಿಹಾರದ ಕಡೆ ಎಂದು ಗೊಣಗಿದರು.

"ನನ್ನ ಅಜ್ಜಿ ಶಾಂಘೈ ಬೀದಿಯಲ್ಲಿ ಬಿಳಿಯರಿಗಿಂತ ಹೆಚ್ಚಾಗಿ, ಬ್ರಿಟಿಷರು ಇಂಡಿಯಾದಿಂದ ತಂದಿಟ್ಟ ಕೆಂಪು ಮುಂಡಾಸಿನ ಪೊಲೀಸರಿಗೆ ಹೆದರುತ್ತಿದ್ದಳು. ಲಾಠಿ ಅವರ ಕೈಯಲ್ಲಿತ್ತು. ಇನ್ನು, ಜಪಾನ್ ಎಚ್ಚರವಾಯಿತು ಅಂದಿರಿ. ಹೌದು, ಎಚ್ಚರವಾಗಿ ನೇರ ನಮ್ಮ ಮನೆಗೇ ಬಂತು."

ನನ್ನ ಗಂಡನಿಗೆ ಸೋತು ಅಭ್ಯಾಸವಿಲ್ಲ.

"ಮೇಡಂ, ಮುಂಡಾಸಿನವರು ಪಂಜಾಬಿನವರು. ನಾವು ಕರ್ನಾಟಕದವರು!"

ಸಭೆ ಗೊಳ್ಳೆಂದು ನಕ್ಕಿತು. ಅವಳು ನನ್ನ ಕಡೆ ಒಮ್ಮೆ ತಿರುಗಿ, ಕೈಚೀಲ ಎತ್ತಿಕೊಂಡು ಹೊರಟುಹೋದಳು. ನಾನು ಮಾಡಿ ತಂದಿದ್ದ ಚಿರೋಟಿಯನ್ನು ಮುಟ್ಟಲೂ ಇಲ್ಲ.

ಮರುದಿನ ಅವಳು ಕೆರೆಯ ಹತ್ತಿರ ಬರಲಿಲ್ಲ. ಆಮೇಲೂ ಬರಲಿಲ್ಲ. ಮೆಸೇಜ್ ಹಾಕಿದೆ, ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಅವಳ ಬೀದಿಯ ತುದಿವರೆಗೆ ಹೋಗಿ ವಾಪಸ್ ಬಂದೆ. ಹೋಗಿ ಹೇಳುವುದೇನು? ಯಾರದೋ ಸಾಮ್ರಾಜ್ಯದ ಪರವಾಗಿ ನಾನು ಸಾರಿ ಕೇಳುವುದೇ? ಮನೆಯಲ್ಲಿ ಇವರ ಮುಖ ಕಂಡರೆ ಮೈ ಉರಿಯುತ್ತಿತ್ತು.

ಭಾನುವಾರ ಆಸ್ಟಿನ್‌ನಲ್ಲಿರುವ ಮಗನ ಮನೆಗೆ ಹೋಗುವುದಿತ್ತು. ದಾರಿಯುದ್ದಕ್ಕೂ ನಾನು ಕಿಟಕಿ ನೋಡಿದೆ, ಇವರು ರಸ್ತೆ ನೋಡಿದರು. ಅಲ್ಲಿಯ ದ ಡೊಮೇನ್ ಮಾಲ್‌ನಲ್ಲಿ ಊಟಕ್ಕೆ ಕೂತಾಗ ಇವರೇ ಮಗನ ಮುಂದೆ ಪಂಚಾಯಿತಿ ತೆಗೆದರು. ಅವನು ಫೋನ್ ಒತ್ತಿ ನೋಡಿ ತನ್ನ ಇಂಗ್ಲಿಷಿನಲ್ಲಿ ಹೇಳಿದ: ಮೊದಲ ಅಫೀಮು ಯುದ್ಧಕ್ಕೆ ಬ್ರಿಟಿಷರು ಮದರಾಸಿನ ಪಲ್ಟನ್ನುಗಳನ್ನೂ ಹಡಗು ಹತ್ತಿಸಿದ್ದರಂತೆ, ಅಪ್ಪ.

"ಅದು ಮದರಾಸು..." ಎಂದು ಶುರು ಮಾಡಿದವರು ನನ್ನ ಕಣ್ಣು ನೋಡಿ ನುಂಗಿಕೊಂಡರು.

ವಾಪಸ್ ಬರುವಾಗ ಕಾರಿನಲ್ಲಿ ಮೆತ್ತಗೆ ಕೇಳಿದರು. "ನಾನೇ ಹೋಗಿ ಸಾರಿ ಹೇಳ್ಲಾ?"

"ಬೇಡ. ನೀವು ಹೋದ್ರೆ ಇನ್ನೊಂದು ಭಾಷಣ ಆಗತ್ತೆ."

ಮರುದಿನ ಬೆಳಗ್ಗೆ ಹೋಗಿ ಅವಳ ಮನೆಯ ಗಂಟೆ ಒತ್ತಿದೆ. ಅವಳೇ ಬಾಗಿಲು ತೆಗೆದಳು, ಒಳಗೆ ಬಾ ಎನ್ನಲಿಲ್ಲ. ನಾನು ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದನ್ನು ಒಂದೇ ಉಸಿರಿಗೆ ಒದರಿದೆ. ನನ್ನ ಗಂಡನಿಗೆ ಬುದ್ಧಿಯಿಲ್ಲ, ಓದಿದ್ದು ಜಾಸ್ತಿಯಾಗಿದೆ, ಅವರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದೆ.

"ನಿನ್ನ ಗಂಡನ ಮೇಲೆ ನನಗೆ ಕೋಪವಿಲ್ಲ," ಎಂದಳು. "ಅಂಥ ಗಂಡಸರನ್ನು ಬೇಕಾದಷ್ಟು ನೋಡಿದ್ದೇನೆ. ಅವರೆಲ್ಲ ನಕ್ಕಾಗ ನಾನು ನಿನ್ನ ಮುಖ ನೋಡಿದೆ. ನೀನೂ ನಗುತ್ತಿದ್ದೆ."

ನಾನು ಇಲ್ಲವೆನ್ನಲು ಹೋದೆ. ಬಾಯಿ ತೆರೆದಾಗ ನೆನಪಾಯಿತು, ನಕ್ಕಿದ್ದೆ. ಗಂಡನ ಹಾಸ್ಯಕ್ಕೆ ನಾಲ್ಕು ಜನರೆದುರು ನಗುವುದು ಹೆಂಡತಿಯಾದವಳ ಚಾಳಿ ಎಂದು ತಪ್ಪಿಸಿಕೊಳ್ಳಬಹುದಿತ್ತು. ನಿಜ ಅದಲ್ಲ. ಅಪವಾದ ಪಂಜಾಬಿಗೆ ಹೋಯಿತಲ್ಲ, ಸದ್ಯ ನಮ್ಮ ಮೇಲೆ ಬೀಳಲಿಲ್ಲವಲ್ಲ ಎಂದು ಎದೆ ಹಗುರಾಗಿ ನಕ್ಕಿದ್ದೆ. ನನ್ನ ಹರುಕು ಇಂಗ್ಲಿಷಿನಲ್ಲಿ ಅದನ್ನೇ ಹೇಳಿದೆ.

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು.

"ನನ್ನ ಅಜ್ಜಿ ಚಿಕ್ಕವಳಿದ್ದಾಗ, ಕೆಂಪು ಮುಂಡಾಸಿನವನು ಅವಳ ಕಣ್ಣೆದುರು ಒಬ್ಬ ರಿಕ್ಷಾ ಎಳೆಯುವವನಿಗೆ ಹೊಡೆದನಂತೆ," ಎಂದಳು. "ಅವಳಪ್ಪನೂ ರಿಕ್ಷಾ ಎಳೆಯುತ್ತಿದ್ದ. ಏಟು ಅಪ್ಪನಿಗೆ ಬೀಳಲಿಲ್ಲವಲ್ಲ ಅಂತ ಅವಳಿಗೆ ನಗು ಬಂತಂತೆ. ಏಟು ತಿಂದವನು ತಲೆಯೆತ್ತಿ ಅವಳನ್ನೇ ನೋಡಿದನಂತೆ. ಸಾಯುವಾಗಲೂ ಅಜ್ಜಿ ಆ ಕಣ್ಣುಗಳ ಮಾತೇ ಆಡುತ್ತಿದ್ದಳು."

ಆಮೇಲೆ ಬಗ್ಗಿ ಶೂ ಹಾಕಿಕೊಂಡಳು. ಬಾಗಿಲೆಳೆದುಕೊಂಡು, ನನಗಾಗಿ ಕಾಯದೆ, ಕೆರೆಯ ಕಡೆ ಬಿರಬಿರನೆ ನಡೆಯತೊಡಗಿದಳು. ನಾನು ಮಂಡಿ ನೋವಿನಲ್ಲೇ ಅವಳ ಹಿಂದೆ ಓಡಿದೆ.