ಗುರುತು ಹೇಳಿದ ಸುಳ್ಳು

ಟುಪ್. ಒಂದಿಷ್ಟು ಹೊತ್ತು ಗುರುಗುರು, ಮತ್ತೆ ಟುಪ್. ಬ್ಯಾಡಗಿಯ ನಮ್ಮ ಮೆಣಸಿನಕಾಯಿ ಗೋದಾಮಿನಿಂದ ಆ ವರ್ಷ ಕೇಳುತ್ತಿದ್ದ ಸದ್ದು ಇದು. ಎರಡು ಸಾವಿರದ ಐದರ ಆಸುಪಾಸು. ಚೀಲ ಹೊತ್ತ ಹಮಾಲರು ನಿಂತು, "ಅಕ್ಕಾರು ಪಟಾಕಿ ಹಚ್ಚಿದ್ರಲೇ," ಎಂದು ನಗುತ್ತಿದ್ದರು. ನಗಲಿ ಎಂದುಕೊಂಡು ನಾನು ಮತ್ತೆ ಕೀ ತಿರುಗಿಸುತ್ತಿದ್ದೆ.

ಅದು ನನ್ನ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು. ನಮ್ಮವರು ಮುಂಬೈಯಿಂದ ಸೆಕೆಂಡ್ ಹ್ಯಾಂಡ್ ತಂದು, ನನ್ನ ಹೆಸರಿಗೆ ಮಾಡಿಸಿ, ಐವತ್ತು ದಾಟಿದ ನನಗೆ ಹಾವೇರಿ ರಸ್ತೆಯಲ್ಲಿ ಡ್ರೈವಿಂಗ್ ಕಲಿಸಿದ್ದರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಎಲ್ಲವೂ ಎಲ್ಲರದ್ದಾಯಿತು. ಕಾರೊಂದೇ ನನ್ನದಾಗಿ ಉಳಿಯಿತು.

ಹಾವೇರಿಯ ಒಂದು ಗ್ಯಾರೇಜಿನಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಿ ತಂದ ದಿನದಿಂದ ಈ ಸದ್ದು ಶುರುವಾಗಿತ್ತು. ಗಾಡಿಗೆ ಎಳೆತವೇ ಇರಲಿಲ್ಲ. ಬೆಲ್ಟ್ ಸರಿಯಾಗಿ ಕೂರಲಿ ಎಂದು ಕಾರು ಮಾಡಿದವರು ಗುರುತು ಹಾಕಿರುತ್ತಾರೆ: ಕೆಳಗೆ ಪಿಸ್ಟನ್ ಏರಿಳಿಸುವ ಕ್ರ್ಯಾಂಕಿನ ಪುಲ್ಲಿಯ ಮೇಲೊಂದು, ಮೇಲೆ ವಾಲ್ವ್ ತೆರೆದು ಮುಚ್ಚುವ ಕ್ಯಾಮ್‌ಶಾಫ್ಟಿನ ಚಕ್ರಗಳ ಮೇಲೆ ಒಂದೊಂದು. ಮೂವರು ಮೆಕ್ಯಾನಿಕ್‌ಗಳು ಬಂದು, ಗುರುತಿಗೆ ಗುರುತು ಕೂಡಿಸಿ ನೋಡಿ, ಒಂದೇ ಮಾತು ಹೇಳಿದರು. "ಟೈಮಿಂಗ್ ಬರೋಬ್ಬರಿ ಐತ್ರಿ. ವಾಲ್ವ್ ಹೋಗ್ಯಾವು. ಇಂಜಿನ್ ಮುಗೀತು."

ನನ್ನ ಮೈದುನ ಅದಕ್ಕೇ ಕಾದಿದ್ದ. "ವೈನಿ, ಗುರುವಾರ ಗುಜರಿಯವಂಗ ಬರಾಕ ಹೇಳೇನಿ. ಸೀಜನ್ ಬಂತು, ಚೀಲ ಇಡಾಕ ಜಾಗ ಬೇಕು. ಈ ವಯಸ್ಸಿನ್ಯಾಗ ಎರಡು ಸೀಟಿನ ಗಾಡಿ ಯಾಕ್ರಿ? ಬಾಜೂಕ ಕುಂದರಾವ್ರು ಯಾರು?"

"ನನ್ನ ಹ್ಯಾಂಡ್‌ಬ್ಯಾಗ್ ಕುಂದರ್ತೈತಿ," ಎಂದೆ. "ಗುರುವಾರದೊಳಗ ಚಾಲೂ ಆದ್ರ?"

"ಆದ್ರ ನಾ ಬಾಯಿ ಮುಚ್ಕೋತೇನಿ."

ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನ ರಿಪೋರ್ಟ್ ಕಾರ್ಡಿನಲ್ಲಿ "ಡಿಸೊಬಿಡಿಯಂಟ್" ಎಂದು ಬರೆದಿದ್ದರು. ಅರವತ್ತರ ಹತ್ತಿರ ಬಂದು ಆ ಮಾತನ್ನು ಖರೇ ಮಾಡುವ ಹಟ ಹುಟ್ಟಿತು. ಮಂಗಳವಾರ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋದೆ. ಅಲ್ಲೊಬ್ಬರು ವಯಸ್ಸಾದ ಮೇಸ್ತ್ರಿ ಇದ್ದರು. ಟ್ರ್ಯಾಕ್ಟರು, ಪಂಪ್‌ಸೆಟ್ಟು ರಿಪೇರಿ ಮಾಡುವವರು.

"ಅಕ್ಕಾರ, ಇಂಥಾ ನಾಜೂಕು ಗಾಡಿ ನಾ ಮುಟ್ಟಿಲ್ಲ."

"ಮುಟ್ಟಿದವ್ರು ಏನು ಉದ್ಧಾರ ಮಾಡ್ಯಾರ್ರಿ?"

ಅವರು ನಕ್ಕರು. ಬುಧವಾರ ಬೆಳಿಗ್ಗೆ ಬಂದೇಬಿಟ್ಟರು.

ಕಾರಿನ ಮ್ಯಾನ್ಯುಯಲ್ ಇಂಗ್ಲಿಷಿನಲ್ಲಿತ್ತು. ನಾನು ಓದಿ ಹೇಳುತ್ತಿದ್ದೆ, ಅವರು ಮಾಡುತ್ತಿದ್ದರು. ಮೊದಲು ಪ್ಲಗ್ ಬಿಚ್ಚಿ, ನಾಲ್ಕೂ ಸಿಲಿಂಡರಿಗೆ ಗೇಜ್ ಹಚ್ಚಿ ಕಂಪ್ರೆಷನ್, ಅಂದರೆ ಒಳಗಿನ ಗಾಳಿಯ ಒತ್ತಡ, ನೋಡಿದರು. ನಾಲ್ಕರಲ್ಲೂ ಕಡಿಮೆ, ನಾಲ್ಕರಲ್ಲೂ ಹೆಚ್ಚುಕಡಿಮೆ ಅಷ್ಟಷ್ಟೇ.

"ಮನ್ಯಾಗ ಒಬ್ಬಂಗ ಹೊಟ್ಟಿ ಕೆಟ್ರ ಅದು ಅವನ ಹೊಟ್ಟಿ ತಪ್ಪು," ಎಂದರು ಮೇಸ್ತ್ರಿ. "ನಾಕೂ ಮಂದಿಗೆ ಒಮ್ಮೆಲೆ ಕೆಟ್ರ?"

"ಕುಡಿಯೋ ನೀರಿನ ತಪ್ಪು."

"ಹಾಂ. ವಾಲ್ವ್ ಅಲ್ಲರಿ ಇದು, ಟೈಮಿಂಗ್."

"ಗುರುತು ಕೂಡ್ಯಾವಲ್ರೀ. ಬುಕ್ಕಿನ್ಯಾಗ ಬರದಂಗ ಐತಿ."

"ಬುಕ್ಕು ಹೊಸಾ ಗಾಡೀದು, ಅಕ್ಕಾರ. ನಿಮ್ಮ ಗಾಡಿ ಹಳೇದು."

ಅಚ್ಚಾದ ಅಕ್ಷರವನ್ನು ಪ್ರಶ್ನಿಸಬಾರದೆಂದು ಕಲಿತವಳು ನಾನು. ಆದರೂ ಬುಕ್ಕು ಮುಚ್ಚಿಟ್ಟೆ. ಅವರು ಪಿಸ್ಟನ್ ಗೀಚದಂಥ, ಸಪೂರವಾದ ಉದ್ದನೆಯ ಕಡ್ಡಿ ಕೇಳಿದರು. ಹೊತ್ತು ಕಳೆಯಲೆಂದು ನಾನು ಸ್ವೆಟರ್ ಹೆಣೆಯುತ್ತಿದ್ದೆ. ಅರ್ಧ ಆದ ಸ್ವೆಟರಿನಿಂದ ಅಲ್ಯೂಮಿನಿಯಂ ಸೂಜಿಯನ್ನು ಸರಕ್ಕನೆ ಎಳೆದು ಕೊಟ್ಟೆ. ಒಂದು ಸಾಲು ಹೆಣಿಗೆ ಪೂರ್ತಿ ಜಾರಿಹೋಯಿತು.

ಮೊದಲನೇ ಸಿಲಿಂಡರಿನ ಪ್ಲಗ್ಗಿನ ತೂತಿನಲ್ಲಿ ಸೂಜಿ ಇಳಿಬಿಟ್ಟು, ಅದನ್ನು ಹಗುರಾಗಿ ಹಿಡಿದುಕೊಳ್ಳಲು ನನಗೆ ಹೇಳಿದರು. ತಾವು ಕೆಳಗೆ ಪಾನಾ ಹಾಕಿ ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸಿದರು. ನನ್ನ ಬೆರಳಿನಲ್ಲಿ ಸೂಜಿ ಏರಿತು, ಏರಿತು, ನಿಂತಿತು. "ಇಷ್ಟ ರೀ. ಇದಕ್ಕಿಂತ ಮ್ಯಾಲ ಬರವಲ್ದು." ಪಿಸ್ಟನ್ ತುದಿ ಮುಟ್ಟಿತ್ತು. ಆಗ ಪುಲ್ಲಿಯ ಗುರುತು ಇಂಜಿನ್ನಿನ ಮೈಮೇಲೆ ಕೊರೆದ ಸೊನ್ನೆಯ ಎದುರಿಗೇ ಇರಬೇಕಿತ್ತು. ಒಂದೂವರೆ ಬೆರಳು ಆಚೆಗಿತ್ತು.

ಪುಲ್ಲಿಗೆ ಒಳಗೊಂದು ಬಳೆ, ಹೊರಗೊಂದು ಬಳೆ, ನಡುವೆ ರಬ್ಬರ್. ರಬ್ಬರ್ ಹಳೆಯದಾಗಿ ಹೊರಗಿನ ಬಳೆ ಜಾರಿತ್ತು, ಗುರುತನ್ನೂ ಕರೆದುಕೊಂಡು ಹೋಗಿತ್ತು. ಹಾವೇರಿಯವರು ಆ ಗುರುತನ್ನು ನಂಬಿ ಬೆಲ್ಟ್ ಹಾಕಿದರು. ಉಳಿದ ಮೂವರು ಅದನ್ನೇ ನಂಬಿ ನನ್ನ ಇಂಜಿನ್ನಿಗೆ ಗುಜರಿಯ ದಾರಿ ತೋರಿಸಿದರು. ಮೇಸ್ತ್ರಿ ಗುರುತು ಬಿಟ್ಟು ಸೂಜಿಯನ್ನು ನಂಬಿದರು. ಬೆಲ್ಟನ್ನು ಒಂದು ಹಲ್ಲು ಸರಿಸಿ ಕೂರಿಸಿದರು.

ಮಧ್ಯಾಹ್ನ ಕೀ ತಿರುಗಿಸಿದೆ. ಟುಪ್ ಇಲ್ಲ. ಒಂದೇ ಸಮನೆ, ದಪ್ಪ ದನಿಯ ಗುಂಯ್. ಹಮಾಲರು ನಿಂತರು, ಯಾರೂ ನಗಲಿಲ್ಲ. ಗುರುವಾರ ಗುಜರಿಯವನು ಬಂದಾಗ ನಾನು ಗೇಟಿನಲ್ಲಿ ಅವನಿಗೆ ಎದುರಾಗಿ ಕಾರಿನಲ್ಲಿ ಹೊರಗೆ ಹೊರಟಿದ್ದೆ. ಮೈದುನ ಮಾತು ಉಳಿಸಿಕೊಂಡ. ಬಾಯಿ ಮುಚ್ಚಿಕೊಂಡೇ ಹತ್ತು ಚೀಲ ಆಚೆ ಇಡಿಸಿ, ಕಾರಿಗೆ ಜಾಗ ಬಿಡಿಸಿದ.

ಮೇಸ್ತ್ರಿಯವರನ್ನು ಕೊನೆಯ ಸಲ ನೋಡಿದ್ದು ಎರಡು ವರ್ಷದ ಮೇಲೆ, ಹಾವೇರಿ ಬಸ್ ಸ್ಟ್ಯಾಂಡಿನ ಮುಂದೆ. ಕಾರು ನಿಲ್ಲಿಸಿ, "ಹತ್ರಿ, ರಾಣೆಬೆನ್ನೂರಿಗೆ ಬಿಡ್ತೇನಿ," ಎಂದೆ.

"ಬ್ಯಾಡ್ರಿ ಅಕ್ಕಾರ. ನಾ ಕುಂತ್ರ ಊರು ಮುಟ್ಟೋತನಕ ಇಂಜಿನ್ನಿನ ಸಪ್ಪಳಾನ ಕೇಳ್ತೇನಿ, ನಿಮ್ಮ ಜೋಡಿ ಮಾತಾಡಂಗಿಲ್ಲ."

ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಬಾಗಿ ಕೇಳಿದರು. ಎತ್ತಿನ ಬೆನ್ನು ತಟ್ಟುವಂತೆ ಎರಡು ಸಲ ತಟ್ಟಿ, ಬಸ್ಸಿನ ಕಡೆ ನಡೆದರು. ನನ್ನ ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಲೇ ಇದ್ದವು. ಅವರ ಬಸ್ಸು ಹೊರಡುವ ತನಕ ನಾನು ಸರಿಯಲಿಲ್ಲ.