ಯಾವುದಕ್ಕಿಂತ ಒಳ್ಳೇದು?

ಕಳಸದ ಕಡೆಯ ನಮ್ಮ ಆಸ್ಪತ್ರೆಯಲ್ಲಿ ಮುಲಾಮಾಗಲಿ, ಮೀನುಸಾರಾಗಲಿ, ಹೊಸ ನರ್ಸಾದ ನಾನು 'ಒಳ್ಳೇದು' ಎಂದರೆ ಸಾಕು, ಹಿರಿಯ ಸಿಸ್ಟರ್ ಕನ್ನಡಕವನ್ನು ಹಣೆಗೇರಿಸಿ "ಯಾವುದಕ್ಕಿಂತ ಮಾರಾಯ್ತಿ?" ಎನ್ನುತ್ತಿದ್ದರು.

ಒಂದು ಮಳೆಗಾಲ ಉಂಬಳ ಎಂಬ ಕಾಡುಜಿಗಣೆ ಕಚ್ಚಿದ ಕಾಲಿಗೆ ಸುಣ್ಣ ಮೆತ್ತಿಕೊಂಡು ತೋಟದ ಹೆಂಗಸೊಬ್ಬಳು ಬಂದಳು. ರಕ್ತ ನಿಂತಿರಲಿಲ್ಲ, ಚರ್ಮವೂ ಸುಟ್ಟಿತ್ತು.

"ಸುಣ್ಣ ಒಳ್ಳೇದಾ ಸಿಸ್ಟರ್?" ಎಂದೆ.

"ಯಾರಿಗೆ? ಯಾವುದಕ್ಕಿಂತ? ಏನಾಗ್ಲಿ ಅಂತ?"

ಯೋಚಿಸಿ ಮತ್ತೆ ಕೇಳಿದೆ: "ಉಂಬಳ ಕಚ್ಚಿದವ್ರಿಗೆ ಸುಣ್ಣಕ್ಕಿಂತ ಬಟ್ಟೆ ಒತ್ತಿ ಹಿಡಿದ್ರೆ ರಕ್ತ ಬೇಗ ನಿಲ್ಲುತ್ತಾ?"

"ಹಾಂ! ಇದಕ್ಕಾದ್ರೆ ಉತ್ತರ ಹುಡುಕ್ಬಹುದು," ಎಂದು ಆ ಕಾಲಿಗೆ ಬಟ್ಟೆ ಒತ್ತಿ ಹಿಡಿಯಲು ನನಗೆ ಹೇಳಿ, ತಾವು ಪುಸ್ತಕದ ಬೀರು ತೆರೆದರು.

ನನ್ನ ಮದುವೆಯ ಊಟದಲ್ಲಿ "ನಮ್ಮವ್ರು ತುಂಬ ಒಳ್ಳೆಯವ್ರು ಸಿಸ್ಟರ್" ಎಂದೆ. ಕನ್ನಡಕ ಹಣೆಗೇರಿತು. ನನ್ನ ಪಕ್ಕದಲ್ಲೇ ಕೂತಿದ್ದ ಗಂಡನನ್ನು ಕಂಡು, ಅವಸರದಲ್ಲಿ ಇಡೀ ಹೋಳಿಗೆಯನ್ನು ಬಾಯಿಗೆ ತುರುಕಿಕೊಂಡರು.