ನಡುಮನೆಯ ಒಲೆ

ದೇವದುರ್ಗದಿಂದ ರಾಯಚೂರಿಗೆ ಸೊಸೆಯಾಗಿ ಬಂದಾಗ ನನಗೆ ಹದಿನೈದು ತುಂಬಿತ್ತು. ಮಾವನವರು ಹತ್ತಿ ದಲ್ಲಾಳಿ. ಗಂಡ ಹತ್ತಿ ಗಿರಣಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದರು. ಅತ್ತೆ, ಮಾವ, ಗಂಡ, ನಾನು, ಇಷ್ಟೇ ಜನ. ಮನೆ ಮಾತ್ರ ವಿಚಿತ್ರವಾಗಿತ್ತು. ಮಾವ ಮತ್ತು ಅವರ ತಮ್ಮ ಪಾಲಾದಾಗ ಹಳೆಯ ಅಡಿಗೆಮನೆ ಗೋಡೆಯಾಚೆ ತಮ್ಮನ ಪಾಲಿಗೆ ಹೋಗಿತ್ತು. ನಮಗೆ ಉಳಿದದ್ದು ಮುಂದಿನ ಪಡಸಾಲೆ ಮತ್ತು ಒಂದು ನಡುಮನೆ. ನಡುಮನೆಯಲ್ಲಿಯೇ ಒಲೆ ಹೂಡಿದರು. ಮುಂದೆ ಹಿಂಭಾಗಕ್ಕೆ ಎರಡು ಕೋಣೆ ಕಟ್ಟಿಸಿದ ಮೇಲೆ ಒಲೆ ಮನೆಯ ನಟ್ಟನಡುವೆ ಸಿಕ್ಕಿಕೊಂಡಿತು.

ಪಡಸಾಲೆಯಿಂದ ಹಿತ್ತಲಿಗೆ ಹೋಗುವವರೆಲ್ಲ ರೊಟ್ಟಿ ಬಡಿಯುವ ನನ್ನ ಬೆನ್ನ ಹಿಂದೆಯೇ ಹಾಯ್ದು ಹೋಗಬೇಕು. ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಹೊಗೆ ಹೋಗುವುದೂ ಬೆಳಕು ಬರುವುದೂ ಅದರೊಳಗಿಂದಲೇ. ಹತ್ತಿ ಕಟ್ಟಿಗೆ ಉರಿಸುವ ದಿನಗಳಲ್ಲಿ ಎದುರಿನ ಮನುಷ್ಯರ ಮುಖ ಕಾಣುತ್ತಿರಲಿಲ್ಲ. ಆದರೂ ಮೊದಲ ಎರಡು ವರ್ಷ ಆ ಒಲೆಯ ಬಗ್ಗೆ ಯಾರೂ ಒಂದು ಮಾತು ಆಡಿದ್ದು ನನಗೆ ನೆನಪಿಲ್ಲ.

ನನಗೆ ತಾಯಿ ಇರಲಿಲ್ಲ. ತವರಲ್ಲಿ ಬಾಣಂತನ ಮಾಡಲು ಅಣ್ಣನ ಹೆಂಡತಿ ಒಪ್ಪದ್ದರಿಂದ ಹೆರಿಗೆ ಗಂಡನ ಮನೆಯಲ್ಲಿಯೇ ಆಯಿತು. ಗಂಡುಮಗು. ಓಣಿಯ ಸೂಲಗಿತ್ತಿ ಮನೆಯ ಕುಡುಗೋಲಿನಿಂದಲೇ ಹೊಕ್ಕುಳಬಳ್ಳಿ ಕೊಯ್ದಳು. ಅತ್ತೆ ಒಲೆಯಿಂದ ಸಗಣಿ ಕುಳ್ಳಿನ ಬೂದಿ ತಂದು ಎಣ್ಣೆಯಲ್ಲಿ ಕಲಸಿ ಹೊಕ್ಕುಳಿಗೆ ಮೆತ್ತಿದರು. ಎಲ್ಲ ಮನೆಗಳಲ್ಲಿಯೂ ಮಾಡುವುದು ಅದೇ. ಆರು ದಿನ ಚೆನ್ನಾಗಿ ಹಾಲು ಕುಡಿದ ಮಗು ಏಳನೆಯ ದಿನ ಬಾಯಿ ತೆರೆಯಲಿಲ್ಲ. ಎಂಟನೆಯ ದಿನ ಅದರ ಮೈ ಬಿಲ್ಲಿನಂತೆ ಬಾಗಿ ಬಿರುಸಾಯಿತು. ಊಟದ ಹೊತ್ತಿಗೆ ಹೋಯಿತು.

ಎರಡನೆಯದು ಹೆಣ್ಣು. ಅದೂ ಎಂಟು ದಿನ ಬದುಕಿತು.

ಆಗ ಅತ್ತೆ ಅಳುತ್ತ ಮಾವನವರ ಮುಂದೆ ಕೂತರು. "ಒಂದಾದ್ರ ಹಣೆಬರಹ ಅನ್ನಬೌದು. ಎರಡೂ ಎಂಟನೇ ದಿನಕ್ಕ ಹೋದ್ವು ಅಂದ್ರ ಈ ಮನ್ಯಾಗ ಏನೋ ಅದ್ರೀ. ಯಾರಿಗಾರ ತೋರಸ್ರಿ."

ಮಾನ್ವಿಯಲ್ಲಿ ಮನೆಯ ಆಯ ನೋಡುವ ಒಬ್ಬ ಹಿರಿಯರಿದ್ದರು. ಬಡಗಿ ಮನೆತನದವರು. ಯಾವ ಮನೆಗೆ ಬಾಗಿಲು ಎಲ್ಲಿರಬೇಕು, ಬಾವಿ ಎಲ್ಲಿರಬೇಕು, ಒಲೆ ಎಲ್ಲಿರಬೇಕು ಎಂದು ಅಳೆದು ಹೇಳುವವರು. ಗಂಡ ಮೋಟಾರಿನಲ್ಲಿ ಹೋಗಿ ಅವರನ್ನು ಕರೆತಂದರು. ಅವರು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಗಂಟು ಹಾಕಿದ ಒಂದು ಹಗ್ಗ ಹಿಡಿದು ಪಡಸಾಲೆಯಿಂದ ಹಿತ್ತಲವರೆಗೆ ಅಳೆದರು. ಮತ್ತೆ ಅಡ್ಡ ಅಳೆದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಕೊನೆಗೆ ಅವರು ಬಂದು ನಿಂತದ್ದು ನನ್ನ ಒಲೆಯ ಮುಂದೆ.

"ಮನಿ ಅಂದ್ರ ಒಬ್ಬ ಮನಷ್ಯಾ ಮಲಗಿದಂಗರೀ. ಇದು ಅವನ ಹೊಕ್ಕಳ," ಅಂದರು. "ಹೊಕ್ಕಳ ಮ್ಯಾಲೆ ಬೆಂಕಿ ಹಾಕೀರಿ. ಮಕ್ಳು ಹ್ಯಾಂಗ ಉಳೀತಾವ?"

ಅತ್ತೆ ಗೋಡೆಗೆ ಒರಗಿ ಕೂತುಬಿಟ್ಟರು. ನನಗಾದದ್ದನ್ನು ಹೇಳಲು ಈಗಲೂ ನಾಚಿಕೆ. ನನಗೆ ಸಂತೋಷವಾಯಿತು. ತಪ್ಪು ಒಲೆಯದು, ನನ್ನದಲ್ಲ. ಮೊದಲ ಮಗು ಹೋದಾಗಿನಿಂದ ನನ್ನ ಹಾಲು, ನನ್ನ ಕಾಲ್ಗುಣ, ನನ್ನ ಜಾತಕ ಎಂದು ಓಣಿಯವರು ಪಿಸುಗುಟ್ಟುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು.

ಒಲೆಯನ್ನು ಅಗ್ನಿಮೂಲೆಗೆ ಒಯ್ಯಬೇಕು ಎಂದರು ಹಿರಿಯರು. ಅಗ್ನಿಮೂಲೆ ಎಂದರೆ ಆಗ್ನೇಯ ದಿಕ್ಕು. ನಮ್ಮ ಪಾಲಿನಲ್ಲಿ ಅದು ಬಿದ್ದದ್ದು ಪಡಸಾಲೆಯಲ್ಲಿ, ಬೀದಿ ಬಾಗಿಲಿನ ಪಕ್ಕ. ಮಾವನವರು ಜಮಖಾನೆ ಹಾಸಿ, ಲೋಡಿಗೆ ಒರಗಿ ಕೂತು ಬಂದವರ ಜೊತೆ ಮಾತಾಡುವ ಜಾಗ.

"ನಾ ಕುಂದ್ರೋ ಜಾಗದಾಗ ಒಲಿ ಹಚ್ತೀರೇನು?" ಮಾವನವರು ಎದ್ದು ನಿಂತರು. "ನಾಕು ಮಂದಿ ಬರೋ ಮನಿ ಇದು. ಬ್ಯಾರೆ ಏನಾರ ಹೇಳ್ರಿ."

ಹಿರಿಯರು ಒಲೆಯನ್ನು ಇದ್ದಲ್ಲಿಯೇ ಇಟ್ಟು ದೋಷವನ್ನು ಸರಿದೂಗಿಸುವ ದಾರಿ ಹೇಳಿದರು. ಅಡಿಗೆ ಮಾಡುವವಳ ಮುಖ ಮೂಡಲಿಗೆ ಇರುವಂತೆ ಒಲೆ ತಿರುಗಿಸಬೇಕು. ನೀರಿನ ಕೊಡಗಳು ಈಶಾನ್ಯದ ದೇವಮೂಲೆಗೆ. ಬೀಸುಕಲ್ಲು, ಒಳಕಲ್ಲು ಎದುರಿನ ಮೂಲೆಗೆ. ಒಲೆಯ ಕೆಳಗೆ ತಾಮ್ರದ ತಗಡು ಹೂಳಬೇಕು. ಬೆಳಕಿಂಡಿಯನ್ನು ದೊಡ್ಡದು ಮಾಡಬೇಕು. ಬೆಂಕಿ ಉರಿಯುವಾಗ ಒಲೆಗೂ ನೀರಿಗೂ ನಡುವೆ ಯಾರೂ ಹಾಯಬಾರದು.

ಆ ಒಲೆಯನ್ನು ಒಡೆದು ಹೊಸದಾಗಿ ಹೂಡಿದವಳು ನಾನೇ. ಕೆರೆಯ ಮಣ್ಣು ತಂದು, ಹೊಟ್ಟು ಕಲಸಿ, ತುಳಿದು, ಮೂರು ದಿನ ಒಣಗಿಸಿದೆ. ಅತ್ತೆ ಪಕ್ಕದಲ್ಲಿ ಕೂತು ಹಸಿ ಮಣ್ಣಿನ ಮೇಲೆ ನೀರು ಸವರುತ್ತ, "ಈ ಸಲ ಉಳೀತದ ನೋಡು ಯವ್ವಾ," ಅಂದರು. ನಾನು ಆ ಮನೆಗೆ ಬಂದ ಮೇಲೆ ಅವರು ನನ್ನನ್ನು ಯವ್ವಾ ಎಂದು ಕರೆದದ್ದು ಅದೇ ಮೊದಲು. ಅವರೊಂದಿಗೆ ನಾನು ಸಂತೋಷವಾಗಿದ್ದ ದಿನಗಳೆಂದರೆ ಅವೇ. ಗಂಡ ಕೂಡ ಹಿತ್ತಲಿಗೆ ಹೋಗಬೇಕಾದರೆ ಹೊರಗಿನಿಂದ ಸಂದಿಯಲ್ಲಿ ಸುತ್ತಿ ಹೋಗುತ್ತಿದ್ದರು. ಒಲೆಗೂ ಕೊಡಗಳಿಗೂ ನಡುವೆ ಒಂದು ದಿನವೂ ಹಾಯಲಿಲ್ಲ.

ಮೂರನೆಯದು ಮತ್ತೆ ಗಂಡು. ಬೂದಿಯಲ್ಲಿ ಕಸ ಇರಬಾರದೆಂದು ದಿನ ತುಂಬಿದ ಹೊಟ್ಟೆಯನ್ನು ಹೊತ್ತುಕೊಂಡೇ ನಾನು ಹೊಸ ಒಲೆಯ ಬೂದಿಯನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ ಇಟ್ಟಿದ್ದೆ. ಏಳನೆಯ ದಿನ ಬೆಳಗ್ಗೆ ಮೊಲೆ ಬಾಯಿಗಿಟ್ಟರೆ ಮಗುವಿನ ದವಡೆ ಬಿಗಿದಿತ್ತು. ಬೆರಳು ತೂರಿಸಿ ಬಾಯಿ ಬಿಡಿಸಲು ನೋಡಿದೆ. ಆಗಲಿಲ್ಲ. ನಾನು ಅತ್ತೆಯನ್ನು ಕೂಗಲಿಲ್ಲ. ಕೂಗಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತ್ತು.

ಆ ಮಗುವನ್ನು ಹೂಳಿ ಬಂದ ಮರುದಿನ ಮಾವನವರು ಯಾರಿಗೂ ಏನೂ ಹೇಳದೆ ಎದ್ದರು. ಜಮಖಾನೆ ಸುತ್ತಿದರು. ಲೋಡನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದಿನ ಕತ್ತಲೆ ಕೋಣೆಗೆ ಹೋಗಿ ಕೂತರು. ಅತ್ತೆ, "ಯಾಕ್ರೀ?" ಅಂದರೆ, "ಒಲಿ ಅಲ್ಲೇ ಇಡ್ರಿ," ಎಂದಷ್ಟೇ ಹೇಳಿದರು.

ಹೀಗೆ ಒಲೆ ಪಡಸಾಲೆಗೆ ಬಂತು. ಬೀದಿ ಬಾಗಿಲು ತೆರೆದರೆ ಹೊಗೆ. ಹಳ್ಳಿಗಳಿಂದ ಹತ್ತಿ ತರುವವರು ಹೊಸ್ತಿಲಲ್ಲಿ ನಿಂತು, ಒಳಗೆ ಹೆಂಗಸು ರೊಟ್ಟಿ ಬಡಿಯುವುದನ್ನು ಕಂಡು, ಹಿಂದೆ ಸರಿಯುತ್ತಿದ್ದರು. ಕ್ರಮೇಣ ಅವರು ಬರುವುದೇ ನಿಂತಿತು. ಮಾವನವರು ದಿನವಿಡೀ ಹಿಂದಿನ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು.

ಮಾನ್ವಿಯ ಹಿರಿಯರನ್ನು ಮತ್ತೊಮ್ಮೆ ಕರೆಸಿದರು. ಅವರು ಹಗ್ಗ ಹಿಡಿದು ಎಲ್ಲವನ್ನೂ ಅಳೆದರು. ಖಾಲಿಯಾದ ನಡುಮನೆಯಲ್ಲಿ ನಿಂತು ಬೆಳಕಿಂಡಿಯ ಕಡೆ ಮುಖ ಎತ್ತಿ ನೋಡಿದರು. ಆಮೇಲೆ ತೃಪ್ತಿಯಿಂದ ಹೇಳಿದರು: "ಬೇಷ್ ಆತು ನೋಡ್ರಿ. ಇನ್ನ ಈ ಮನ್ಯಾಗ ಒಂದ ಎಳ್ಳಷ್ಟೂ ದೋಷ ಇಲ್ಲ."

ಆಗ ಅತ್ತೆ ತಿರುಗಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಹುಡುಕುತ್ತಿದ್ದ ಸಾಮಾನು ಕೊನೆಗೆ ಕಣ್ಣಿಗೆ ಬಿದ್ದಾಗ ನೋಡುತ್ತಾರಲ್ಲ, ಹಾಗೆ. ಮನೆಯಲ್ಲಿ ದೋಷವಿಲ್ಲವೆಂದ ಮೇಲೆ ಉಳಿದವಳು ನಾನೊಬ್ಬಳೇ.

ಆ ವರ್ಷವೆಲ್ಲ ನನಗೆ ಗರ್ಭ ನಿಲ್ಲಲಿಲ್ಲ. ಗಂಡ ಒಂದು ದಿನ ಊಟ ಮಾಡುತ್ತ, ತಲೆ ಎತ್ತದೆ, "ಅವ್ವ ಮಾನ್ವಿ ಕಡೆ ಒಂದು ಹೆಣ್ಣು ನೋಡ್ಯಾಳ," ಅಂದರು.

"ನೀವು ಏನಂದ್ರಿ?"

"ನಾ ಏನನ್ಲಿ? ಮನೀದೆಲ್ಲ ಮಾಡಿ ಮುಗೀತು."

ನಾನು ದೇವದುರ್ಗಕ್ಕೆ ಹೋದೆ. ಅಪ್ಪ ನಾಲ್ಕು ದಿನ ನನ್ನನ್ನು ಇಟ್ಟುಕೊಂಡ. ಐದನೆಯ ದಿನ ಬಂಡಿ ಕಟ್ಟಿಸಿ, ಹತ್ತುವಾಗ ನನ್ನ ತಲೆಯ ಮೇಲೆ ಕೈ ಇಟ್ಟು, "ಅಲ್ಲೇ ಒಂದು ಮೂಲ್ಯಾಗ ಇದ್ದಬಿಡು ಯವ್ವಾ. ಇಲ್ಲಿ ನಿನ್ನ ಅಣ್ಣನ ಹೆಂಡತಿ ಇರಗೊಡಂಗಿಲ್ಲ," ಅಂದ. ಮರಳಿ ಬಂದು ನಾನೇ ಹೊಸ ಮದುಮಗಳಿಗೆ ಆರತಿ ಎತ್ತಿದೆ. ಅವಳಿಗೂ ಹದಿನೈದೇ. ನನ್ನನ್ನು ಅಕ್ಕಾ ಎಂದು ಕರೆದಳು. ಕೆಟ್ಟ ಹುಡುಗಿಯಲ್ಲ.

ಅವಳ ಹೆರಿಗೆ ಕಷ್ಟವಾಯಿತು. ಎರಡು ದಿನ ಕೂಸು ಹೊರಬೀಳಲಿಲ್ಲ. ಸೂಲಗಿತ್ತಿ ಕೈ ಬಿಟ್ಟಳು. ಟಾಂಗಾದಲ್ಲಿ ಹಾಕಿಕೊಂಡು ಸರಕಾರಿ ದವಾಖಾನೆಗೆ ಒಯ್ದೆವು. ಅಲ್ಲಿ ಗಂಡುಮಗು ಹುಟ್ಟಿತು. ಅತ್ತೆ ಸೆರಗಿನಲ್ಲಿ ಕಟ್ಟಿ ತಂದಿದ್ದ ಬೂದಿಯನ್ನು ನನ್ನ ಕೈಗೆ ಕೊಟ್ಟು ಒಳಗೆ ಕಳಿಸಿದರು. ನರ್ಸು ನಡುವಯಸ್ಸಿನವಳು. ಕುದಿಸಿದ ಕತ್ತರಿಯನ್ನು ನೀರಿನಿಂದ ತೆಗೆಯುತ್ತಿದ್ದಳು.

"ಏನದು?"

"ಹೊಕ್ಕಳಿಗೆ ಬೂದಿರೀ. ಶುದ್ಧ ಅದ, ಸೋಸಿದ್ದು."

ಅವಳು ನನ್ನ ಮಣಿಕಟ್ಟು ಹಿಡಿದು ಬೂದಿಯನ್ನೆಲ್ಲ ಮೋರಿಗೆ ಕೊಡವಿಸಿದಳು. "ಇದನ್ನ ಹಚ್ಚಿ ಎಷ್ಟು ಮಕ್ಕಳನ್ನ ಕಳಕೋತೀರಿ ನೀವು? ಏಳೆಂಟು ದಿನಕ್ಕ ದವಡಿ ಕಟ್ಟಿ, ಬಿಲ್ಲಿನಂಗ ಬಾಗಿ ಸಾಯ್ತಾವಲ್ಲ, ಅದು ಇದರಿಂದನ. ಇದು, ಆ ಹೊಲಸು ಕುಡುಗೋಲು."

ನಾನು ಅಲ್ಲಿಯೇ ಕೂತೆ. ಅವಳು ಬೇರೆ ಹಾಸಿಗೆಯ ಕಡೆ ಹೋದಳು. ಅವಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಮೂರನೆಯ ಮಗುವಿಗಾಗಿ ಬೂದಿಯನ್ನು ಬಟ್ಟೆಯಲ್ಲಿ ಎರಡೆರಡು ಸಲ ಸೋಸಿದ್ದು ನನ್ನ ಕೈಗಳೇ.

ಮನೆಗೆ ಬಂದ ಮೇಲೆ ಗಂಡನಿಗೆ ಹೇಳಿದೆ. ಅವರು, "ಈಗ ಅದನ್ನ ತಗೊಂಡು ಏನು ಮಾಡೋದು?" ಅಂದರು. ಅತ್ತೆಗೆ ಹೇಳಬೇಕೋ ಬೇಡವೋ ಎಂದು ವಾರಗಟ್ಟಲೆ ಒದ್ದಾಡಿ, ಜೋಳ ಹಸನು ಮಾಡುವಾಗ ಒಂದು ದಿನ ಹೇಳಿಯೇಬಿಟ್ಟೆ. ಅವರ ಕೈ ಮೊರದಲ್ಲಿಯೇ ನಿಂತಿತು.

"ಹಂಗಾದ್ರ ನನ್ನ ಮೊಮ್ಮಕ್ಕಳ್ನ ನಾನ ಕೊಂದೆ ಅಂತೀಯೇನು?"

ಆಗಲೇ ವಯಸ್ಸಾಗಿತ್ತು ಅವರಿಗೆ. ಅವರೂ ನಾಲ್ಕು ಹೆತ್ತು ಮೂರು ಕಳೆದುಕೊಂಡವರು ಎಂದು ನನಗೆ ಆ ಗಳಿಗೆಯಲ್ಲಿ ನೆನಪಾಯಿತು. "ಇಲ್ಲ ಅತ್ತಿ. ಆಕಿ ಏನೋ ಅಂದ್ಲು, ಅಷ್ಟ," ಅಂದೆ. ಅವರು ಮತ್ತೆ ಜೋಳ ಕೇರತೊಡಗಿದರು. ಆಮೇಲೆ ಆ ಮಾತನ್ನು ನಾನು ಆ ಮನೆಯಲ್ಲಿ ಎತ್ತಲಿಲ್ಲ. ಆ ಹುಡುಗಿಯ ಮುಂದಿನ ಹೆರಿಗೆಯೂ ದವಾಖಾನೆಯಲ್ಲೇ ಆಗಬೇಕೆಂದು ಗಂಡನಿಂದ ಆಣೆ ಮಾಡಿಸಿಕೊಂಡೆ. ನನ್ನಿಂದ ಆದದ್ದು ಅಷ್ಟೇ.

ಮಗು ಉಳಿಯಿತು. ಒಲೆ ಅಗ್ನಿಮೂಲೆಗೆ ಬಂದದ್ದಕ್ಕೇ ಉಳಿಯಿತೆಂದು ಎಲ್ಲರೂ ಹೇಳಿದರು. ಮಾನ್ವಿಯ ಹಿರಿಯರಿಗೆ ಧೋತರ, ಶಲ್ಯ, ಕಾಯಿ ಕಳಿಸಿದರು. ಓಣಿಯ ಇನ್ನೂ ಎರಡು ಮನೆಯವರು ತಮ್ಮ ತಮ್ಮ ಒಲೆ ತೋರಿಸಲು ಅವರನ್ನು ಕರೆಸಿದರು.

ತೊಟ್ಟಿಲಿಗೆ ಹಾಕುವ ದಿನ ಓಣಿಯ ಮುತ್ತೈದೆಯರೆಲ್ಲ ಬರುವವರಿದ್ದರು. ತೊಟ್ಟಿಲು ನಡುಮನೆಯಲ್ಲಿ. ಅಲ್ಲಿಗೆ ಹೋಗಬೇಕಾದರೆ ಪಡಸಾಲೆಯ ಒಲೆಯನ್ನು ದಾಟಿಯೇ ಹೋಗಬೇಕು. ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವವಳು ನಾನು, ಮೂರು ಹೆತ್ತು ಮೂರನ್ನೂ ಮಣ್ಣಿಗೆ ಕೊಟ್ಟವಳು. ಬೆಳಗ್ಗೆ ಅತ್ತೆ ಒಲೆಯ ಬಳಿ ಬಂದರು. "ತಪ್ಪ ತಿಳ್ಕೋಬ್ಯಾಡ," ಎಂದು, ಬಾಗಿಲಿಗೂ ಒಲೆಗೂ ನಡುವೆ ಒಂದು ಹಳೆಯ ಸೀರೆಯನ್ನು ಅಡ್ಡ ಕಟ್ಟಿದರು.

ನಾನು ಸೀರೆಯ ಈಚೆ ಕೂತು ಹೋಳಿಗೆ ಮಾಡಿದೆ. ಬಳೆಗಳ ಸದ್ದು ಒಂದೊಂದಾಗಿ ಆಚೆ ಹಾಯ್ದು ಒಳಗೆ ಹೋಯಿತು. ಬಂದವರಲ್ಲಿ ಒಬ್ಬಳು, "ಹೋಳಿಗಿ ವಾಸನಿ ಭಾಳ ಛಲೋ ಬರಾಕತ್ತದ, ಯಾರು ಮಾಡಾಕತ್ತಾರ?" ಎಂದು ಕೇಳಿದಳು. ಅತ್ತೆ ಏನೆಂದರೋ ನನಗೆ ಕೇಳಿಸಲಿಲ್ಲ.